ಗೆರೆ ಎಲ್ಲಿದ್ದರೂ ಕನ್ನಡ ಇಲ್ಲಿರಬೇಕು

ಇಸ್ರೇಲಿಗಳೂ ಪ್ಯಾಲೆಸ್ಟೀನಿಯರೂ ಎರಡು ರಾಷ್ಟ್ರಗಳಾಗಿ ನೆಮ್ಮದಿಯಿಂದ ಬಾಳಬಲ್ಲರೇ ಎಂಬ ಪ್ರಶ್ನೆ 1947ರಿಂದ ಜಗತ್ತಿನ ಮುಂದಿದೆ. ನವಿ ಪೇಠೆಯ ಕನ್ನಡಿಗರಾದ ನಮಗೆ ಈ ಪ್ರಶ್ನೆ ತೀರ ಪರಕೀಯವೆನಿಸದು. ಅಲ್ಲಿಯ ಗಡಿಯನ್ನು ಆರು ದಿನಗಳ ಯುದ್ಧ ಬದಲಿಸಿದ್ದು 1967ರ ಜೂನ್ ತಿಂಗಳಲ್ಲಿ. ನಮ್ಮ ಗಡಿಯನ್ನು ಕುರಿತ ಮಹಾಜನ ಆಯೋಗದ ವರದಿ ಬಂದದ್ದು ಅದೇ ವರ್ಷದ ಆಗಸ್ಟಿನಲ್ಲಿ. ಎರಡೂ ಇಂದಿಗೂ ಇತ್ಯರ್ಥವಾಗಿಲ್ಲ. ಅಲ್ಲಿ ಹರಿದ ರಕ್ತಕ್ಕೆ ನಮ್ಮ ದೂರುಗಳನ್ನು ಸರಿದೂಗಿಸುವುದು ಅವಿವೇಕ. ಆದರೆ ಪಾಠ ಕಲಿಯಲು ಅಡ್ಡಿಯಿಲ್ಲ.

1993ರ ಓಸ್ಲೋ ಒಪ್ಪಂದದಲ್ಲಿ ಗಡಿ, ಜೆರುಸಲೇಂ, ನಿರಾಶ್ರಿತರು, ವಸಾಹತುಗಳು ಎಂಬ ಕಠಿಣ ಪ್ರಶ್ನೆಗಳನ್ನು ಮುಂದಕ್ಕೆ ಹಾಕಲಾಯಿತು. ಕಾಯುವ ಕಾಲದಲ್ಲಿ ವಸಾಹತುಗಳು ಬೆಳೆದವು, ಹಿಂಸೆ ಬೆಳೆಯಿತು, ನಂಬಿಕೆ ಕರಗಿತು. ನಾಳಿನ ತೀರ್ಮಾನಕ್ಕಾಗಿ ಇಂದಿನ ಬದುಕನ್ನು ಕಾಯಿಸಿದರೆ ತೀರ್ಮಾನದ ದಿನ ಉಳಿಸಿಕೊಳ್ಳಲು ಏನೂ ಇರುವುದಿಲ್ಲ.

ನಮ್ಮಲ್ಲಿ ನಡೆದದ್ದೇನು? ಮಹಾಜನ ಆಯೋಗವು ಅಕ್ಕಲಕೋಟೆಯೂ ಸೇರಿದಂತೆ 247 ಗ್ರಾಮಗಳನ್ನು ಕರ್ನಾಟಕಕ್ಕೂ, ನಿಪ್ಪಾಣಿಯೂ ಸೇರಿದಂತೆ 264 ಗ್ರಾಮಗಳನ್ನು ಮಹಾರಾಷ್ಟ್ರಕ್ಕೂ ಕೊಡಬೇಕೆಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ವರದಿ ನ್ಯಾಯವಾದದ್ದೆಂಬುದು ನಮ್ಮ ನಿಲುವು. ಅದನ್ನು ನಾವು ಬಿಟ್ಟಿಲ್ಲ. ಆದರೆ ಗೆರೆ ಸರಿಯುವವರೆಗೆ ನಮ್ಮ ಮಕ್ಕಳ ಬಾಲ್ಯ ಸರಿಯದೆ ನಿಂತಿರುವುದೇ?

2022ರ ಕೊನೆಯಲ್ಲಿ ಬಸ್ಸುಗಳಿಗೆ ಮಸಿ ಬಳಿದರು, ಕಲ್ಲೆಸೆದರು. ಬೆಂಗಳೂರಿನಲ್ಲೂ ಮುಂಬಯಿಯಲ್ಲೂ ಗರ್ಜನೆಗಳಾದವು. ದಿಲ್ಲಿಯಲ್ಲಿ ಕೇಂದ್ರ ಗೃಹಸಚಿವರ ಮುಂದೆ ಇಬ್ಬರು ಮುಖ್ಯಮಂತ್ರಿಗಳು ಕುಳಿತು, ಆರು ಸಚಿವರ ಸಮಿತಿಗೆ ಒಪ್ಪಿದರು. ಆ ಗರ್ಜನೆಯಿಂದ ನಮ್ಮ ಒಂದಾದರೂ ಕನ್ನಡ ಶಾಲೆಗೆ ಒಬ್ಬ ಶಿಕ್ಷಕ ಬಂದನೇ? ನಮ್ಮ ಹೆಸರಿನಲ್ಲಿ ಕೂಗುವವರಿಗೆ ನಮ್ಮ ಊರುಗಳು ನಕಾಶೆಯ ಚುಕ್ಕೆಗಳು. ನಮಗೆ ಅವು ಮನೆಗಳು.

‘ಕರ್ನಾಟಕಕ್ಕೆ ಸೇರದ ಹೊರತು ಕನ್ನಡ ಉಳಿಯದು’ ಎಂದು ನಮ್ಮವರೇ ಕೆಲವರು ಹೇಳುತ್ತಾರೆ. ಈ ಆತಂಕ ಸುಳ್ಳಲ್ಲ. ಆದರೆ ಅದೇ ಮಾತನ್ನು ನಿಪ್ಪಾಣಿ, ಖಾನಾಪುರಗಳ ಮರಾಠಿಗರು ತಮ್ಮ ಭಾಷೆಗೆ ಹೇಳಿದರೆ ನಾವೇನು ಉತ್ತರಿಸುತ್ತೇವೆ? ಗೆರೆಯನ್ನು ಎಲ್ಲಿ ಎಳೆದರೂ ಅದರ ಎರಡೂ ಬದಿಗೆ ಅಲ್ಪಸಂಖ್ಯಾತರು ಉಳಿದೇ ಉಳಿಯುತ್ತಾರೆ. ಅಕ್ಕಲಕೋಟೆಯಲ್ಲಿ ನಾವು ಬೇಡುವುದನ್ನು ಬೆಳಗಾವಿಯಲ್ಲಿ ಅವರಿಗೆ ಕೊಡಬೇಕೆಂದು ನಾವೇ ಮೊದಲು ಹೇಳಬೇಕು. ಆಗ ನಮ್ಮ ಬೇಡಿಕೆ ಹಟವಾಗದೆ ಹಕ್ಕಾಗುತ್ತದೆ.

ಈ ನೆಲಕ್ಕೆ ಇದು ಹೊಸ ಮಾತಲ್ಲ. ಸೊನ್ನಲಿಗೆಯ ಸಿದ್ಧರಾಮನ ಸಂಕ್ರಾಂತಿಯ ಜಾತ್ರೆಯಲ್ಲಿ ಭಾಷೆ ಕೇಳಿ ಯಾರನ್ನೂ ತಡೆದಿಲ್ಲ. 1931ರ ಜನವರಿ 12ರಂದು ಗಲ್ಲಿಗೇರಿದ ಸೊಲ್ಲಾಪುರದ ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನರು ಒಂದೇ ಮಾತಿನವರಲ್ಲ, ಒಂದೇ ಮತದವರಲ್ಲ, ಒಂದೇ ಊರಿನವರು. ಬೇಂದ್ರೆಯವರು ಇಲ್ಲಿಯ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಲೇ ಮರಾಠಿಯಲ್ಲೂ ಬರೆದರು. 1974ರ ಮಂಡ್ಯ ಸಮ್ಮೇಳನದ ಅಧ್ಯಕ್ಷೆಯಾದ ನಮ್ಮ ಜಯದೇವಿತಾಯಿ ಲಿಗಾಡೆಯವರೂ ಎರಡೂ ಭಾಷೆಗಳಲ್ಲಿ ಬರೆದವರು.

ಅಲ್ಲಿ ಎರಡು ರಾಷ್ಟ್ರಗಳು ಇನ್ನೂ ನೆಲೆಯಾಗಬೇಕು. ನಮ್ಮಲ್ಲಿ ಎರಡು ರಾಜ್ಯಗಳು ಆಗಲೇ ಇವೆ. ನಡುವೆ ಸೈನ್ಯವಿಲ್ಲ, ಮುಳ್ಳುಬೇಲಿಯಿಲ್ಲ, ಎರಡಕ್ಕೂ ಸಂವಿಧಾನ ಒಂದೇ. ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ದೊರಕಿಸಬೇಕೆಂದು ಅದರ 350-ಎ ವಿಧಿ 1956ರಿಂದಲೂ ಹೇಳುತ್ತಿದೆ. ಇದನ್ನು ಪಾಲಿಸಲು ಯಾವ ತೀರ್ಪಿಗೂ ಕಾಯಬೇಕಿಲ್ಲ.

ಆದ್ದರಿಂದ ನಾವು ಮುಂಬಯಿಗೆ ಹೇಳುತ್ತೇವೆ: ಮರಾಠಿಯನ್ನು ಪ್ರೀತಿಯಿಂದ ಕಲಿಯುತ್ತೇವೆ, ಕನ್ನಡ ಶಾಲೆಗಳಿಗೆ ಶಿಕ್ಷಕರನ್ನು ಕೊಡಿ. ಬೆಂಗಳೂರಿಗೆ ಹೇಳುತ್ತೇವೆ: ನವೆಂಬರಿನಲ್ಲಿ ಮಾತ್ರ ನಮ್ಮನ್ನು ನೆನೆಯಬೇಡಿ, ಇಲ್ಲಿ ಕನ್ನಡದಲ್ಲಿ ಕಲಿತವರಿಗೆ ಅಲ್ಲಿ ಓದಿಗೂ ಉದ್ಯೋಗಕ್ಕೂ ಬಾಗಿಲು ತೆರೆದಿಡಿ. ಸಂಘದ ಮನೆತನಗಳಿಗೂ ಒಂದು ಮಾತು: ನಮ್ಮ ಮಕ್ಕಳನ್ನು ನಾವೇ ಕನ್ನಡ ಶಾಲೆಗೆ ಕಳಿಸದಿದ್ದರೆ, ನ್ಯಾಯಾಲಯ ನಾಳೆ ನಮ್ಮ ಪರವಾಗಿ ತೀರ್ಪಿತ್ತರೂ ಅದನ್ನು ಕನ್ನಡದಲ್ಲಿ ಓದುವವರು ಯಾರು?