ಕೆರಳಿಸಿದರೆಂಬ ನೆಪ, ಎಳೆದೊಯ್ದರೆಂಬ ನೆಪ

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳು ಹೊತ್ತಿ ಉರಿದವು. ಪ್ರವಾದಿವರ್ಯರನ್ನು(ಸ) ನಿಂದಿಸುವ ಫೇಸ್‌ಬುಕ್ ಬರಹವೊಂದು ಅದಕ್ಕೆ ನಿಮಿತ್ತವಾಗಿತ್ತು. ಮೂವರು ಗೋಲಿಬಾರಿಗೆ ಬಲಿಯಾದರು. ನೂರಾರು ಮಂದಿ ಬಂಧಿತರಾದರು. ಅನೇಕರ ಮೇಲೆ ಯುಎಪಿಎ ಹೇರಲಾಯಿತು. ಇಂತಹ ಪ್ರತಿಯೊಂದು ಗಲಭೆಯ ಬಳಿಕವೂ ಎರಡು ಮಾತು ಕೇಳಿಬರುತ್ತವೆ: ನಮ್ಮನ್ನು ಕೆರಳಿಸಲಾಯಿತು, ಹುಡುಗನನ್ನು ಗೆಳೆಯರು ಎಳೆದೊಯ್ದರು. ನ್ಯಾಯಾಲಯದಲ್ಲಿ ಇವುಗಳ ತೂಕವೆಷ್ಟು?

ಭಾರತೀಯ ನ್ಯಾಯ ಸಂಹಿತೆಯ 101ನೇ ಸೆಕ್ಷನ್, ಹಳೆಯ ದಂಡ ಸಂಹಿತೆಯ 300ನೇ ಸೆಕ್ಷನ್‌ನಂತೆಯೇ, ಗಂಭೀರವೂ ಹಠಾತ್ತೂ ಆದ ಪ್ರಚೋದನೆಯಿಂದ ಸ್ವನಿಯಂತ್ರಣ ಕಳೆದುಕೊಂಡು ಎಸಗಿದ ಹತ್ಯೆಯನ್ನು ಕೊಲೆಯೆಂದು ಪರಿಗಣಿಸುವುದಿಲ್ಲ. ಆದರೆ ಆರೋಪಿ ನಿರಪರಾಧಿಯಾಗುವುದಿಲ್ಲ, ಶಿಕ್ಷೆ ತಗ್ಗುತ್ತದೆ, ಅಷ್ಟೇ. ನಾನಾವತಿ ಪ್ರಕರಣದಲ್ಲಿ ಪತ್ನಿಯ ತಪ್ಪೊಪ್ಪಿಗೆಗೂ ಗುಂಡಿನ ಸದ್ದಿಗೂ ನಡುವೆ ಸುಮಾರು ಮೂರು ಗಂಟೆಗಳಿದ್ದವು. ಆತ ಹೆಂಡತಿ ಮಕ್ಕಳನ್ನು ಚಿತ್ರಮಂದಿರಕ್ಕೆ ಬಿಟ್ಟು, ಹಡಗಿಗೆ ಹೋಗಿ ರಿವಾಲ್ವರ್ ತಂದಿದ್ದ. ಕೋಪ ತಣಿಯಲು ಅಷ್ಟು ಸಮಯ ಸಾಕಿತ್ತೆಂದು 1961ರಲ್ಲಿ ಸುಪ್ರೀಮ್ ಕೋರ್ಟ್ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಹೀಗಿರುವಾಗ ಸಂಜೆ ಮೊಬೈಲಿನಲ್ಲಿ ಓದಿ, ಜನ ಸೇರಿಸಿ, ರಾತ್ರಿ ಬೆಂಕಿಯಿಟ್ಟವನ ಗತಿಯೇನು? ಬೆಂಕಿಯಿಡುವುದಕ್ಕಂತೂ ಈ ವಿನಾಯಿತಿಯೇ ಇಲ್ಲ. ಸುಟ್ಟುಹೋದ ಬೈಕಿನ ಮಾಲಕ ಪ್ರವಾದಿನಿಂದೆ ಮಾಡಿದವನೂ ಅಲ್ಲ.

ಬಲಾತ್ಕಾರದ ವಾದ ಇನ್ನೂ ಕಿರಿದು. ಸಂಹಿತೆಯ 32ನೇ ಸೆಕ್ಷನ್ ಪ್ರಕಾರ ತತ್‌ಕ್ಷಣದ ಪ್ರಾಣಭಯವಿರಬೇಕು. ಸ್ವಯಂ ಇಚ್ಛೆಯಿಂದ ಆ ಸ್ಥಿತಿಗೆ ಸಿಲುಕಿರಬಾರದು. ಕೊಲೆಗೆ ಈ ರಕ್ಷೆಯೇ ಇಲ್ಲ. ನಮ್ಮ ಫಿಕ್‌ಹ್‌ನ ಇಕ್ರಾಹ್ ಅಧ್ಯಾಯ ಓದಿದವರಿಗೆ ಇದು ಅಪರಿಚಿತವಲ್ಲ. ಹಿಂಸೆ ತಾಳಲಾರದೆ ನಾಲಿಗೆಯಿಂದ ಕುಫ್ರ್‌ನ ಮಾತಾಡಿದ ಅಮ್ಮಾರ್ ಬಿನ್ ಯಾಸಿರ್‌ರಿಗೆ(ರ) ಕ್ಷಮೆ ದೊರೆಯಿತು; ಅವರ ಹೃದಯ ಈಮಾನಿನಲ್ಲಿ ದೃಢವಾಗಿತ್ತು. ಆದರೆ ತನ್ನ ಪ್ರಾಣ ಉಳಿಸಿಕೊಳ್ಳಲು ನಿರಪರಾಧಿಯ ಪ್ರಾಣ ತೆಗೆಯಲು ಫುಕಹಾಗಳು ಅನುಮತಿ ನೀಡಲಿಲ್ಲ. ಗೆಳೆಯರ ಕರೆ ಪ್ರಾಣಭಯವಂತೂ ಅಲ್ಲವೇ ಅಲ್ಲ.

ಕೆರಳಿಸಿದವನು ಪಾರಾಗಬೇಕೆಂದು ಇದರರ್ಥವಲ್ಲ. ದುರುದ್ದೇಶದಿಂದ ಧಾರ್ಮಿಕ ಭಾವನೆಗೆ ಘಾಸಿಯೆಸಗುವುದು 299ನೇ ಸೆಕ್ಷನ್‌ನಡಿ ಅಪರಾಧ. ಆ ರಾತ್ರಿ ದೂರು ದಾಖಲಿಸಲು ಪೊಲೀಸರು ವಿಳಂಬಿಸಿದರೆಂಬ ಆರೋಪವೂ ಇತ್ತು. ಠಾಣೆಯಲ್ಲಿ ದೂರು ಸ್ವೀಕರಿಸದಿದ್ದರೆ ಅದನ್ನು ಬರೆದು ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು; ಅಲ್ಲಿಯೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಮಸೀದಿ ಕಮಿಟಿಗಳು ಇಂತಹ ಅರ್ಜಿ ಬರೆಯಬಲ್ಲ ಇಬ್ಬರು ವಕೀಲರ ದೂರವಾಣಿ ಸಂಖ್ಯೆಯನ್ನು ಈ ಶುಕ್ರವಾರವೇ ಸೂಚನಾಫಲಕದಲ್ಲಿ ಅಂಟಿಸಲಿ.