ಲೆಕ್ಕದ ಪುಣ್ಯ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ತಂಗಿಯ ಮಗನು ಒಂದು ತಿಂಗಳು ನಮ್ಮ ಮನೆಯಲ್ಲಿದ್ದನು. ಹನ್ನೆರಡು ವರ್ಷದ ಹುಡುಗ; ಬೆಳಗಾದರೆ ಕಂಪ್ಯೂಟರಿನ ಮುಂದೆ ಕುಳಿತು ಕಂಡಕಂಡವರನ್ನು ಗುಂಡಿಟ್ಟು ಉರುಳಿಸುವುದೇ ಅವನ ಕೆಲಸವಾಗಿತ್ತು. ಆ ಸದ್ದಿಗೆ ಬೇಸತ್ತು, ನಾವು ತಾರುಣ್ಯದಲ್ಲಿ ಆಡಿ ಮೆಚ್ಚಿದ್ದ ಹಳೆಯ ವಿಡಿಯೊ ಆಟವೊಂದನ್ನು ಹುಡುಕಿ ತೆಗೆದು ಅವನ ಮುಂದಿಟ್ಟೆವು. ಹಾಗೆ ಇಟ್ಟುದು ಸರಿಯೆ ತಪ್ಪೆ ಎಂಬುದು ನಮ್ಮ ಮನಸ್ಸಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಆದಕಾರಣ ಈ ತಿಂಗಳ ಮಾತು ಅದನ್ನು ಕುರಿತದ್ದು.

ಆಟದ ಹೆಸರು 'ಅಲ್ಟಿಮಾ 4'. ಅದರ ಉಪನಾಮಕ್ಕೆ 'ಅವತಾರದ ಅನ್ವೇಷಣೆ' ಎಂದು ಅರ್ಥ. 1985ರಲ್ಲಿ ಅಮೆರಿಕದಲ್ಲಿ ಹೊರಬಂದುದು. ಕರ್ತೃವಾದ ರಿಚರ್ಡ್ ಗ್ಯಾರಿಯಟ್ ಆಗ 24 ವರ್ಷದ ತರುಣ. ಆಟಗಾರನು ಕಥೆಯೊಳಗಿನ ಒಬ್ಬನ ಪಾತ್ರವನ್ನು ವಹಿಸಿ ಊರೂರು ಅಲೆಯುತ್ತ ಸಾಹಸಗೈಯುವ ಈ ಜಾತಿಯ ಆಟಗಳಲ್ಲಿ, ಕೊನೆಗೊಬ್ಬ ದುಷ್ಟ ಮಾಂತ್ರಿಕನೋ ರಾಕ್ಷಸನೋ ಇರುವುದೂ ಅವನನ್ನು ಕೊಂದೊಡನೆ ಆಟ ಮುಗಿಯುವುದೂ ವಾಡಿಕೆ. ಗ್ಯಾರಿಯಟ್ಟನ ಹಿಂದಿನ ಆಟಗಳೂ ಹಾಗೆಯೇ ಇದ್ದವು. ಅವನ್ನು ಆಡಿದವರು ಬರೆದ ಪತ್ರಗಳನ್ನು ಓದಿದಾಗ, ಗೆಲ್ಲುವ ಆತುರದಲ್ಲಿ ಜನರು ಅಂಗಡಿಗಳನ್ನು ದೋಚಿ, ನಿರಪರಾಧಿಗಳಾದ ಊರವರನ್ನು ಕೊಂದು ಮುಂದುವರಿಯುತ್ತಿದ್ದರೆಂಬುದು ಅವನಿಗೆ ತಿಳಿದುಬಂದಿತು. ನಾಲ್ಕನೆಯದನ್ನು ಅವನು ಬೇರೆ ರೀತಿಯಲ್ಲಿ ಕಟ್ಟಿದನು. ಇದರಲ್ಲಿ ಕೊಂದು ಗೆಲ್ಲತಕ್ಕ ಮಹಾವೈರಿಯೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಮಾನ, ಆಧ್ಯಾತ್ಮ, ವಿನಯಗಳೆಂಬ ಎಂಟು ಗುಣಗಳನ್ನು ಸಾಧಿಸಿ ತಾನೇ ಅವತಾರಪುರುಷನಾಗಬೇಕೆಂಬುದೇ ಗುರಿ.

ಆರಂಭವೇ ಸೊಗಸು. ನಮ್ಮ ಕೊರವಂಜಿಯಂತೆ ಕಣಿ ಹೇಳುವ ಹೆಂಗಸೊಬ್ಬಳು ಎಲೆಗಳನ್ನು ಹರಡಿ ಏಳು ಪ್ರಶ್ನೆಗಳನ್ನು ಕೇಳುತ್ತಾಳೆ. ಎಣಿಸದ ಹೊನ್ನಿನ ಚೀಲವೊಂದನ್ನು ಪರರಿಗೆ ತಲುಪಿಸಲೆಂದು ನಿನ್ನನ್ನು ನಂಬಿ ಕೊಟ್ಟಿದ್ದಾರೆ, ದಾರಿಯಲ್ಲಿ ಬಡ ಭಿಕ್ಷುಕನು ಎದುರಾಗುತ್ತಾನೆ; ಚೀಲವನ್ನು ಹಾಗೆಯೇ ಒಪ್ಪಿಸುವೆಯೋ, ಒಂದು ನಾಣ್ಯವನ್ನು ತೆಗೆದು ಅವನಿಗೆ ಕೊಡುವೆಯೋ? ಎರಡೂ ಧರ್ಮವೇ. ಹುಡುಗನು ಗಲ್ಲಕ್ಕೆ ಕೈಯಿಟ್ಟು ಬಹಳ ಹೊತ್ತು ಯೋಚಿಸಿದುದನ್ನು ಕಂಡು ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೊಟ್ಟ ಉತ್ತರಗಳಿಂದಲೇ ಆಟಗಾರನ ವೃತ್ತಿ ಗೊತ್ತಾಗುತ್ತದೆ. ವಿನಯವನ್ನು ಎಲ್ಲಕ್ಕಿಂತ ಮೇಲೆಂದವನು ಕುರಿಗಾಹಿಯಾಗುತ್ತಾನೆ: ಮಂತ್ರವಿಲ್ಲ, ಬಲವಿಲ್ಲ, ಗರ್ವದಿಂದ ಹಾಳುಬಿದ್ದು ಭೂತಗಳು ವಾಸಿಸುವ ಮಜಿನ್ಸಿಯ ಎಂಬ ಊರಿನ ಬಳಿಯಲ್ಲಿ ಅವನ ಯಾತ್ರೆಯ ಮೊದಲು. ವಿನಯಕ್ಕೆ ಲೋಕವು ಸಲ್ಲಿಸುವ ಬೆಲೆಯನ್ನು ಇಷ್ಟು ನೇರವಾಗಿ ಹೇಳಿದ ಆಟ ಬೇರೊಂದನ್ನು ನಾವು ಕಾಣೆವು. ನಮ್ಮ ಹುಡುಗನು ಕುರಿಗಾಹಿಯೇ ಆದನು. ಒಂದು ಗಂಟೆ ಮುಖ ಊದಿಸಿಕೊಂಡಿದ್ದನು.

ಆಟದಲ್ಲಿ ಮಂತ್ರಕ್ಕೆ ಬೇಕಾದ ಮೂಲಿಕೆಗಳನ್ನು ಮಾರುವವಳು ಕುರುಡಿ. ಬೆಲೆಯನ್ನು ಆಕೆ ಹೇಳುತ್ತಾಳೆ, ನಾಣ್ಯವನ್ನು ಎಣಿಸಿ ಇಡುವವರು ನಾವು. ಕಡಮೆ ಇಟ್ಟರೂ ಆಕೆ ವಂದಿಸಿ ಸುಮ್ಮನಾಗುತ್ತಾಳೆ, ಯಾರೂ ಗದರುವುದಿಲ್ಲ. ಆದರೆ ಒಳಗೆಲ್ಲೋ ಪ್ರಾಮಾಣಿಕತೆಯ ಲೆಕ್ಕ ಕುಸಿದಿರುತ್ತದೆ. ಆ ಗುಣವು ಮೊದಲೇ ಸಿದ್ಧಿಸಿದ್ದರೆ ಎಂಟರಲ್ಲಿ ಒಂದು ಪಾಲನ್ನು ಕಳೆದುಕೊಂಡೆ ಎಂಬ ಒಂದು ಸಾಲು ಪರದೆಯ ಮೇಲೆ ಮೂಡುತ್ತದೆ. ಬಾಲ್ಯದ ಯಾವ ಬೈಗುಳವೂ ನಮ್ಮನ್ನು ಆ ಒಂದು ಸಾಲಿನಷ್ಟು ನಾಚಿಸಲಿಲ್ಲ.

ಇಷ್ಟು ಹೊಗಳಿದ ಮೇಲೆ ಉಳಿದುದನ್ನೂ ಹೇಳಬೇಕಷ್ಟೆ. ಈಚೆಗೆ ಕುಳಿತು ಆಡಿದರೆ ಬೇಸರ ಬರುವ ಭಾಗಗಳು ಹೇರಳವಾಗಿವೆ. ಮೂಲಿಕೆಗಳನ್ನು ಬೆರಸಿ ಒಂದೊಂದೇ ಮಂತ್ರವನ್ನು ಸಿದ್ಧಪಡಿಸುವುದು, ಮತ್ತೆ ಮತ್ತೆ ಮೇಲೆ ಬೀಳುವ ಅವೇ ಮೃಗಗಳೊಡನೆ ಕಾದಾಡುವುದು, ನೂರಾರು ಜನರ ಮಾತನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು. ಅದನ್ನು ಸೈರಿಸಬಹುದು. ಸೈರಿಸಲಾಗದುದು ಬೇರೆ. ಮೂರನೆಯ ದಿನ ಹುಡುಗನು ಭಿಕ್ಷುಕನ ಎದುರು ನಿಂತು ಒಂದು ನಾಣ್ಯ, ಮತ್ತೊಂದು ನಾಣ್ಯ, ಇನ್ನೊಂದು ಎಂದು ಕೊಡುತ್ತಲೇ ಇದ್ದನು. ಏನಿದು ಎಂದರೆ, "ಒಂದು ಕೊಟ್ಟರೂ ಹತ್ತು ಕೊಟ್ಟರೂ ಕರುಣೆ ಏರುವುದು ಅಷ್ಟೇ ಮಾವ, ಒಂದೊಂದಾಗಿ ಕೊಟ್ಟರೆ ಲಾಭ" ಎಂದನು. ಅರಮನೆಯಲ್ಲಿ ಹಾಕ್‌ವಿಂಡ್ ಎಂಬ ಜ್ಞಾನಿಯೊಬ್ಬನಿದ್ದಾನೆ. ಯಾವ ಗುಣ ಎಷ್ಟು ಬೆಳೆಯಿತೆಂದು ಹೇಳುವುದು ಅವನ ಕೆಲಸ, ಚಿತ್ರಗುಪ್ತನ ತಮ್ಮನೆನ್ನಬಹುದು. ವಿನೋದವೇನೆಂದರೆ, ಅವನಲ್ಲಿಗೆ ಹೋಗಿ ಲೆಕ್ಕ ಕೇಳಿದ್ದಕ್ಕೇ ಆಧ್ಯಾತ್ಮವು ಸ್ವಲ್ಪ ಹೆಚ್ಚುತ್ತದೆ! ನಗಬೇಕೆಂದಿದ್ದೆವು, ಆದರೆ ಜಪವನ್ನು ನೂರೆಂಟೆಂದೂ ದೀಪವನ್ನು ಲಕ್ಷವೆಂದೂ ಎಣಿಸುವ ಮನೆಗಳಲ್ಲಿ ಬೆಳೆದ ನಾವು ಹೆಚ್ಚು ನಗಲಾರೆವು.

ಶೀರ್ಷಿಕೆಯ ಪದವು ನಮ್ಮದು ಎಂಬ ಅಭಿಮಾನ ನಮಗೆ ಆಗಲೇ ಇತ್ತು. ಈಗ ನೋಡಿದರೆ ಅರ್ಥವು ತಲೆಕೆಳಗಾಗಿದೆ. ಅವತಾರವೆಂದರೆ ಇಳಿದುಬರುವುದು, ಮೇಲಿದ್ದವನು ಕೆಳಗಿನವರ ಕಷ್ಟಕ್ಕೆ ಮರುಗಿ ತಾನಾಗಿ ಕೆಳಕ್ಕೆ ಬರುವುದು. ಆಟದಲ್ಲಾದರೋ ಮನುಷ್ಯನು ಗುಣಗಳ ಮೆಟ್ಟಿಲನ್ನು ಒಂದೊಂದಾಗಿ ಏರಿ ಅವತಾರನಾಗುತ್ತಾನೆ. ಏರುವುದು ಕೆಟ್ಟುದೆಂದು ನಾವು ಹೇಳೆವು. ಆದರೆ ಏರುವವನ ಕಣ್ಣು ಮೆಟ್ಟಿಲಿನ ಮೇಲಿರುತ್ತದೆ. ಭಿಕ್ಷುಕನು ಅವನಿಗೆ ಮೆಟ್ಟಿಲಾಗಿಬಿಡುತ್ತಾನೆ. ಆ ಮಾತನ್ನು ಹುಡುಗನಿಗೆ ಹೇಳಿದೆವು. "ಹಾಗಾದರೆ ಕೊಡಬಾರದೇ?" ಎಂದು ಕೇಳಿದನು. ಕೊಡಬೇಡವೆಂದು ಹೇಗೆ ಹೇಳುವುದು?

ಅದೇ ವಾರ ಒಂದು ಬೆಳಗ್ಗೆ ಬಾಗಿಲಿಗೆ ಸೊಪ್ಪಿನ ಮುದುಕಿ ಬಂದಳು. ವಾಡಿಕೆಯಂತೆ ನಾವು ಚೌಕಾಸಿ ಮಾಡಿ ಐದು ರೂಪಾಯಿ ಇಳಿಸಿ, ಎರಡು ಕಟ್ಟು ದಂಟನ್ನು ತೆಗೆದುಕೊಂಡೆವು. ಹಿಂದೆ ನಿಂತಿದ್ದ ಹುಡುಗನು ಬಲು ಗಂಭೀರವಾಗಿ, "ಇದರಲ್ಲಿ ಎಷ್ಟು ಹೋಯಿತು ಮಾವ?" ಎಂದನು. ಮನೆಯವರೆಲ್ಲ ನಕ್ಕರು, ನಾವೂ ನಕ್ಕೆವು. ಮರುದಿನ ಮುದುಕಿ ಬಂದಾಗ ಮಾತ್ರ ಬೆಲೆ ಇಳಿಸಲು ನಾಲಗೆ ಏಳಲಿಲ್ಲ, ಕೇಳಿದಷ್ಟನ್ನೂ ಕೊಟ್ಟೆವು. ಅದು ಆಕೆಯ ಮೇಲಿನ ಮರುಕವೋ, ಬಾಗಿಲ ಮರೆಯಲ್ಲಿ ನಿಂತು ಎಣಿಸುತ್ತಿದ್ದ ಹುಡುಗನ ಅಂಜಿಕೆಯೋ, ಹೇಳಲಾರೆವು.