ಪಿಟೀಲು ಯಾರದು?

"ಪುರಂದರದಾಸರ ನಾಡಿನಲ್ಲಿ ಸಿಂಫನಿ ಏಕೆ? ಅದು ಪರಕೀಯರ ಸಂಗೀತ" ಎಂದು ಗೊಣಗುವ ಮಹನೀಯರು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. ಅವರನ್ನು ಒಂದು ಮಾತು ಕೇಳೋಣ: ನಿಮ್ಮ ರಾಮನವಮಿಯ ಕಚೇರಿಯಲ್ಲಿ ಹಾಡುಗಾರರ ಪಕ್ಕದಲ್ಲಿರುವ ಪಿಟೀಲು ಯುರೋಪಿನಿಂದ ಬಂದುದಲ್ಲವೆ? ಬಂದುದನ್ನು ನಮ್ಮ ಚೌಡಯ್ಯನವರು ಬಂದಂತೆಯೇ ಇಟ್ಟುಕೊಳ್ಳಲಿಲ್ಲ. ದನಿ ಹಿಂದಿನ ಸಾಲಿಗೂ ಮುಟ್ಟಲೆಂದು ನಾಲ್ಕು ತಂತಿಯನ್ನು ಏಳು ಮಾಡಿದರು. ಮೈಸೂರಿನ ಜಯಚಾಮರಾಜ ಒಡೆಯರು 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಪ್ರಥಮ ಅಧ್ಯಕ್ಷರಾದರು. ಕರ್ನಾಟಕ ಸಂಗೀತದಲ್ಲಿ 90ಕ್ಕೂ ಮಿಕ್ಕ ಕೃತಿಗಳನ್ನು ರಚಿಸಿದವರೂ ಅವರೇ. ಯಾವುದು ಯಾವುದನ್ನು ಕೆಡಿಸಿತು?

ಈಗ ಆರ್.ಟಿ. ನಗರದಲ್ಲಿ, 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಲ್ಲಿ, ಮಕ್ಕಳು ಪಾಶ್ಚಾತ್ಯ ಪಿಟೀಲು ಕಲಿಯುತ್ತಾರೆ. ದೊಡ್ಡ ವಾದ್ಯವೃಂದದ ನಡುವೆ ಒಂಟಿ ಪಿಟೀಲು ಹೇಗೆ ತಲೆಯೆತ್ತುತ್ತದೆ, ವೃಂದಗಾನದ ನಾಲ್ಕು ಬಗೆಯ ದನಿಗಳು ಬೇರೆ ಬೇರೆ ದಾರಿ ಹಿಡಿದೂ ಹೇಗೆ ಕೂಡಿ ನಡೆಯುತ್ತವೆ ಎಂಬುದನ್ನು ಆ ಮಕ್ಕಳು ಎದುರಿಗೆ ಕುಳಿತು ಕೇಳಬೇಡವೆ? ಹೆಬ್ಬಾಳ, ಯಲಹಂಕದ ತಂದೆತಾಯಿಗಳು ಪಾಠದ ಶುಲ್ಕ ಕಟ್ಟಿದರೆ ಸಾಲದು. ಕಚೇರಿಗೂ ಕೈಹಿಡಿದು ಕರೆದೊಯ್ಯಬೇಕು.

ನಾದಕ್ಕೆ ರಹದಾರಿ ಕೇಳುವವರು ಮೊದಲು ತಮ್ಮ ಪಕ್ಕವಾದ್ಯದ ರಹದಾರಿ ನೋಡಲಿ.